ಮೊದಲ ತುತ್ತು

ಸೋಲೂರಿನ ಬಳಿಯ ನಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದ ಆ ತಾಯಿ, ಸಾರಿನ ಒಂದು ಹನಿಯನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡಿದ ಅನಂತರವೇ ತಟ್ಟೆ ಹಿಡಿದು ನನ್ನ ಬಳಿ ಬರುತ್ತಿದ್ದರು.

“ಒಸಿ ನೋಡಿ ಸಾ.”

ಮಕ್ಕಳಿಗಿಂತ ಮೊದಲು ಶಿಕ್ಷಕರು ಉಂಡು ನೋಡಿ ಸಹಿ ಮಾಡಬೇಕೆಂಬುದು ನಿಯಮ. ‘ರುಚಿಯಾಗಿದೆ’ ಎಂದು ನಾನು ದುಂಡಗೆ ಬರೆಯುತ್ತಿದ್ದೆ. ಅವರ ಜಾತಿಯನ್ನು ನೆನೆದು ತಟ್ಟೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. “ಆಯ್ತು ಬುಡಿ ಸಾ” ಎಂದು ಅವರು ಅದನ್ನು ಹಿಂದಕ್ಕೆ ಒಯ್ಯುತ್ತಿದ್ದರು.

ಮೊನ್ನೆ ಮಗಳು ನನ್ನನ್ನು ಬಿಡದಿಯ ಥಾಯ್ ಹೋಟೆಲಿಗೆ ಕರೆದೊಯ್ದಳು. ಅವಳು ದಪ್ಪ ಸ್ಟ್ರಾದಲ್ಲಿ ಬಬಲ್ ಟೀಯ ಸಬ್ಬಕ್ಕಿಯಂಥ ಕರಿಗುಂಡುಗಳನ್ನು ಹೀರುತ್ತಿದ್ದಳು. ನಾನು ತೆಂಗಿನಹಾಲಿನ ಹಸಿರು ಸಾರನ್ನು ಎರಡನೆಯ ಸಲ ಬಡಿಸಿಕೊಂಡು, ಮಾಡಿದವರನ್ನು ಹೊಗಳಲೆಂದು ಕರೆಸಿದೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಒಳಗಿನಿಂದ ಬಂದವರು ಶಾಲೆಯ ಆ ತಾಯಿಯೇ. ನನ್ನ ಚಮಚ ಬಾಯಿಯ ಬಳಿಯೇ ನಿಂತಿತು.

“ಇವರು ನಿಮಗೆ ಗೊತ್ತಾ ಅಪ್ಪಾ?” ಎಂದಳು ಮಗಳು.

ನನ್ನ ಮುಖ ನೋಡದೆ ಅವರೇ ಉತ್ತರಿಸಿದರು: “ನಿಮ್ಮಪ್ಪಾರು ನಮ್ಮಿಸ್ಕೂಲ್ ಮೇಷ್ಟ್ರು ಕಣವ್ವ. ನನ್ನಡ್ಗೇನ ದಿನಾ ಮೊದ್ಲು ಉಣ್ತಿದ್ದೋರು ಅವ್ರೇಯ.”

ಮಗಳು ಹೆಮ್ಮೆಯಿಂದ ನನ್ನತ್ತ ತಿರುಗಿದಳು. ಇಪ್ಪತ್ತು ವರ್ಷ ಪರರ ತಪ್ಪುಗಳನ್ನು ತಿದ್ದಿದ ನಾನು, ಹೌದೆಂದು ತಲೆಯಾಡಿಸಿದೆ.