ಬಾವಿಗೆ ದೀಪ ಇಳಿಸುವ ಪದ್ಮವ್ವ

ಇನ್ನೂ ಬೆಳಕು ಹರಿದಿಲ್ಲ. ಅಥಣಿ ತಾಲ್ಲೂಕಿನ ಅಗ್ರಾಣಿ ಹೊಳೆಯ ದಂಡೆ. ಜಯಪಾಲ ಅವರ ದ್ರಾಕ್ಷಿ ತೋಟದ ಬಾವಿಗೆ ಬಾಗಿ, ಐವತ್ತೆರಡರ ಪದ್ಮವ್ವ ಹಗ್ಗಕ್ಕೆ ಕಟ್ಟಿದ ಕಂದೀಲನ್ನು ಇಳಿಬಿಡುತ್ತಿದ್ದಾರೆ. ಹಗ್ಗಕ್ಕೆ ಮಾರಿಗೊಂದು, ಅಂದರೆ ಚಾಚಿದ ಎರಡು ತೋಳಿನ ಅಳತೆಗೊಂದು ಗಂಟು. ಗಂಟು ಕೈದಾಟಿದಂತೆ ಎಣಿಸುತ್ತಾರೆ. "ಆರು... ಏಳು..." ಎಂಟಕ್ಕೆ ದೀಪ ಆರುತ್ತದೆ. ಮೇಲೆಳೆದು ಮತ್ತೆ ಹಚ್ಚಿ ಇಳಿಸುತ್ತಾರೆ. ಮತ್ತೆ ಅದೇ ಎಂಟಕ್ಕೆ ಆರುತ್ತದೆ, ಯಾರೋ ಒಳಗೆ ನಿಂತು ಊದಿದ ಹಾಗೆ.

ಹೂಳು ತೆಗೆಯಲು ಬಂದ ನಾಲ್ವರು ಹಿಂದೆ ಸರಿಯುತ್ತಾರೆ. ಜಯಪಾಲರಿಗೆ ಅವಸರ. "ಗಾಳಿಗೆ ಆರಿರಬೇಕ ತಗೋ ಅಕ್ಕಾ. ಬಳ್ಳಿ ಒಣಗಾಕತ್ತಾವ."

"ಗಾಳಿ ಎಲ್ಲೈತ್ರಿ ಸಾವಕಾರ್ರ? ಎಲಿ ಸೈತ ಅಳ್ಳಾಡವಲ್ದು. ಹೊಳಿ ಬರಾಕತ್ತೈತಿ."

ಪದ್ಮವ್ವನ ಕೆಲಸ ನೋಡಿ ಬರೆಯಲು ಬಂದ ನಾನು ತಿರುಗಿ ಹೊಳೆಯನ್ನು ನೋಡುತ್ತೇನೆ. ಬರೀ ಉಸುಕು, ಆಡಿನ ಹಿಕ್ಕೆ. ಎಲ್ಲಿಯ ಹೊಳೆ, ಎಲ್ಲಿಂದ ಬರುತ್ತಿದೆ? ದೆವ್ವ-ಭೂತ ನಂಬುವವನಲ್ಲ ನಾನು. ಆದರೂ ಬಾವಿಯ ಅಂಚು ಬಿಟ್ಟು ನಿಲ್ಲುತ್ತೇನೆ, ಸುಳ್ಳೇಕೆ ಹೇಳಲಿ.

ಮೂರು ದಿನದ ಹಿಂದೆ ಗಡಿಯಾಚೆ ಮಳೆಯಾಗಿದೆ. ನೀರು ಮೇಲಿನ ಬಾಂದಾರದ, ಅಂದರೆ ಹೊಳೆಗೆ ಕಟ್ಟಿದ ಅಡ್ಡಗಟ್ಟೆಯ ತನಕ ಬಂದು ಉಸುಕಿನಲ್ಲಿ ಇಂಗಿಹೋಗಿದೆ. ವರ್ಷಕ್ಕೆ ಕೆಲವೇ ದಿನ ಹರಿಯುವ ಇಂಥ ಹೊಳೆ ಉಳಿದ ಕೆಲಸವನ್ನೆಲ್ಲ ನೆಲದೊಳಗೇ ಮಾಡುತ್ತದೆ. ಗರಸು ಮಣ್ಣು, ಬಂಡೆಯ ಬಿರುಕು ಹಿಡಿದು ಸರಿದು ಬಾವಿಗಳನ್ನು ತುಂಬುತ್ತದೆ. ಆದರೆ ಆ ಸಂದುಗಳಲ್ಲಿ ಬೇಸಿಗೆಯುದ್ದಕ್ಕೂ ಕೂತ ಕೆಟ್ಟ ಗಾಳಿ ಇರುತ್ತದಲ್ಲ, ನೀರು ಅದನ್ನು ಮುಂದೆ ತಳ್ಳುತ್ತದೆ. ನೀರಿಗಿಂತ ಮೊದಲು ಬಾವಿಗೆ ಬರುವುದು ಆ ಗಾಳಿ. ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಅದರಲ್ಲಿ ದೀಪ ಉರಿಯುವುದಿಲ್ಲ, ಮನುಷ್ಯ ಬದುಕುವುದಿಲ್ಲ.

ಪದ್ಮವ್ವನಿಗೆ ಇದು ಪುಸ್ತಕದಿಂದ ಗೊತ್ತಾದದ್ದಲ್ಲ. ಅವರ ಗಂಡ ನಾಮದೇವ ಬಾವಿ ತೋಡುವವರು. ಇಪ್ಪತ್ತೊಂದು ವರ್ಷದ ಹಿಂದೆ ಒಂದು ಬಾವಿಗೆ ದೀಪ ಇಳಿಸಿ ನೋಡಿಯೇ ಇಳಿದರು.

"ಹಗ್ಗಾ ಆರ ಮಾರ ಇತ್ರಿ, ಬಾವಿ ಹತ್ತ ಮಾರ. ಹಗ್ಗಾ ಮುಗಿಯೂತನಾ ದೀಪಾ ಉರೀತು. ಛಲೋ ಐತಿ ಅಂತ ಇಳದ್ರು. ನಾ ಮ್ಯಾಲ ರೊಟ್ಟಿ ಗಂಟ ಹಿಡಕೊಂಡ ಕುಂತಿದ್ನಿ. ಒಂದ ಸಲಾ ಕೆಮ್ಮಿದ್ದು ಕೇಳ್ತು. ಆಮ್ಯಾಲ ಏನೂ ಇಲ್ಲ."

ಮರುದಿನ ಅದೇ ಬಾವಿಯಲ್ಲಿ ಎದೆಮಟ್ಟ ನೀರು. ನೀರಿನ ತಾಯಿ ಗಂಗವ್ವ ಬಲಿ ತೆಗೆದುಕೊಂಡಳು ಎಂದು ಊರು ಕೈ ಮುಗಿಯಿತು. ಪದ್ಮವ್ವ ಮುಗಿಯಲಿಲ್ಲ. ಹದಿನಾಲ್ಕು ಮಾರಿನ ಹಗ್ಗ ತಂದರು.

ಗಂಡ ಸತ್ತವಳು ಬಾವಿಕಟ್ಟೆಗೆ ದೀಪ ಹಿಡಿದು ಬಂದರೆ ಯಾರು ಸುಮ್ಮನಿರುತ್ತಾರೆ? "ನಾವ ಬೈದ ಕಳಿಸಿದ್ವಿ" ಎನ್ನುತ್ತಾರೆ ಆಳುಗಳ ಹಿರಿಯ ಜಕ್ಕಪ್ಪ, ನೆಲ ನೋಡುತ್ತ. "ಈಗ ಅಕ್ಕಾ ಹ್ಞೂಂ ಅನ್ನೂತನಾ ಬಾವ್ಯಾಗ ಕಾಲ ಇಡೂದಿಲ್ರಿ." ಬೇಸಿಗೆಯಲ್ಲಿ ಪದ್ಮವ್ವನಿಗೆ ವಾರಕ್ಕೆ ಐದಾರು ಬಾವಿ. ಎಲ್ಲ ಕಡೆಗೂ ನಡೆದೇ ಹೋಗುತ್ತಾರೆ.

ಇತ್ತ ಜಯಪಾಲರ ಸಿಟ್ಟು ನೆತ್ತಿಗೇರಿದೆ. ಬೇರೆ ಆಳು ಕರೆಸುತ್ತೇನೆ ಎಂದು ಫೋನು ತೆಗೆಯುತ್ತಾರೆ. ಪದ್ಮವ್ವ ಜಗಳಕ್ಕೆ ಹೋಗುವುದಿಲ್ಲ. ಬಾವಿಗಿಳಿಯುವ ಮೊದಲ ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ. "ಇಳಿಯವ್ರು ನನ್ನ ದಾಟಿ ಇಳೀರಿ."

ಯಾರೂ ದಾಟಲಿಲ್ಲ. ಮೆಟ್ಟಿಲ ಪಕ್ಕದ ಗೋಡೆಯ ಬಿರುಕಿಗೆ ಕಿವಿಗೊಡಲು ಪದ್ಮವ್ವ ನನಗೆ ಹೇಳಿದರು. ಒಳಗಿನಿಂದ ಉದ್ದನೆಯ, ದಣಿದ ಉಸಿರು ಬರುತ್ತಿತ್ತು. ನಿಲ್ಲುವುದು, ಮತ್ತೆ ಬರುವುದು. ನಾನು ಹೆಚ್ಚು ಹೊತ್ತು ಕೇಳಲಿಲ್ಲ.

ಮೂರನೆಯ ದಿನ ಮತ್ತೆ ಹೋಗುತ್ತೇನೆ. ಹೊಳೆಯ ಉಸುಕು ಕಾಲು ಸುಡುತ್ತಿದೆ, ಮೇಲೆ ಹನಿ ನೀರಿಲ್ಲ. ಬಾವಿಯ ತಳದಲ್ಲಿ ಮಾತ್ರ ಕಪ್ಪನೆಯ ನೀರು ನಿಂತಿದೆ. ಜಯಪಾಲ ಕಟ್ಟೆಯ ಹತ್ತಿರ ತಲೆತಗ್ಗಿಸಿ ನಿಂತಿದ್ದಾರೆ. "ಮೊನ್ನೆ ಇಳಿಸಿದ್ನೆಂದ್ರ ನಾಕ ಮಂದಿ..." ಎನ್ನುತ್ತಾರೆ.

ಈ ಹೊಳೆಯ ಮೇಲೆ ಸಿಟ್ಟಿಲ್ಲವೇ ಎಂದು ಪದ್ಮವ್ವನನ್ನು ಕೇಳುತ್ತೇನೆ.

"ಸಿಟ್ಟ ಯಾಕ್ರಿ? ಊರಿನ ಬಾವಿ ಎಲ್ಲಾ ತುಂಬಸತೈತಿ. ಬರೂಮುಂದ ಹೇಳಿ ಬರೂದಿಲ್ಲ, ಅಷ್ಟ. ಅದಕ್ಕ ನಾ ಹೇಳ್ತೀನಿ."