ಬಾಜೂಕ ಕೂತಾಂವ

ನಮ್ಮೂರು ಮೊರಬ. ನೆರೆಮನೆಯ ಹುಡುಗ ವಿಮಾನದ ಸಹಪೈಲಟ್ ಆಗಿದ್ದ. ಓಣಿಗೆಲ್ಲ ಅವನೆಂದರೆ ಹೆಮ್ಮೆ, ಅವನ ಬಾಯಿಯೆಂದರೆ ಅಂಜಿಕೆ. ರಜೆಗೆ ಬಂದರೆ ಹೊಲದ ಬದುವಿನಲ್ಲಿ ಒಂದು ಕಣ್ಣು ಮುಚ್ಚಿ ನಿಂತು ಬಿತ್ತಿದ ಸಾಲು ನೋಡುವನು. ಸೊಟ್ಟಗಿದ್ದರೆ ಹೇಳಿಯೇ ಬಿಡುವನು. "ಕಂಡದ್ದ ಹೇಳಬೇಕಲ್ರಿ" ಎಂಬುದು ಅವನ ಮಾತು. ಒಮ್ಮೆ ಹಾಗೆ ಹೇಳಿಸಿಕೊಂಡ ಮೇಲೆ ನಮ್ಮಪ್ಪ ಅವನೊಡನೆ ಮಾತು ಬಿಟ್ಟಿದ್ದ.

ಆ ದೀಪಾವಳಿಗೆ ಬಂದಾಗ ಅಪ್ಪ ಕೂತಿದ್ದ ನಮ್ಮ ಕಟ್ಟೆಯೆದುರು ನಿಂತು ಒಂದು ಸಂಗತಿ ಹೇಳಿದ. ಮೋಡದೊಳಗೆ ವಿಮಾನ ಇಳಿಯುತ್ತಿತ್ತು. ನಡೆಸುತ್ತಿದ್ದ ಕ್ಯಾಪ್ಟನ್ ಬಹಳ ಹಿರಿಯರು. ನಿಲ್ದಾಣದವರು ಗೊತ್ತುಮಾಡಿದ ಎತ್ತರಕ್ಕಿಂತ ಅವರು ಕೆಳಗೆ ಬಂದಿದ್ದರು. ಇವನು ಹೇಳಿದ. ಅವರು ಕೇಳದವರಂತೆ ಕೂತರು. ಇವನು ದನಿಯೇರಿಸಿ ಮತ್ತೆ ಹೇಳಿದ. ಆಗ ಅವರು ವಿಮಾನ ಮೇಲೇರಿಸಿದರು. ಮೋಡ ಹರಿದಾಗ ಕೆಳಗೆ ಗುಡ್ಡದ ನೆತ್ತಿ ಕಂಡಿತು.

"ಸಿಟ್ಟ ಬರ್ಲಿಲ್ಲೇನ ಆ ಕ್ಯಾಪ್ಟನ್‌ಗ?" ಅಪ್ಪ ಅವನತ್ತ ನೋಡದೆ ಕೇಳಿದ.

"ಬಂತ್ರಿ. ಇಳದ ಮ್ಯಾಲ ಮಾತ ಬಿಟ್ರು. ಆದ್ರ ಮುಂದಿನ ಸಲ ಹಾರೂಮುಂದ, ಬಾಜೂಕ ಇಂವನ ಬೇಕು ಅಂತ ಕೇಳಿ ತಗೊಂಡ್ರು."

ಅಪ್ಪ ಬಾಯಲ್ಲಿದ್ದ ಎಲೆಯಡಿಕೆ ಉಗುಳಿದ. ಆಮೇಲೆ ಕಟ್ಟೆಯ ಮೇಲೆ ಒಂದಿಷ್ಟು ಸರಿದ.

"ನಿಂತ ಯಾಕ ಮಾತಾಡ್ತಿ? ಬಾರಲೇ, ಬಾಜೂಕ ಕೂಡು."