ಆಸ್ಪತ್ರೆಯ ಅಡುಗೆಮನೆಗೆ ನಮ್ಮ ಹೊಲದ ಹುರುಳಿಕಾಯಿ

ಸರ್ಕಾರಿ ಆಸ್ಪತ್ರೆಯ ಅಡುಗೆಮನೆಯಲ್ಲಿ, ನಿವೃತ್ತಿಯಾಗುವವರೆಗೂ, ನಮ್ಮ ದೊಡ್ಡಮ್ಮನದೇ ದರ್ಬಾರು. ದೊಡ್ಡ ಡಾಕ್ಟರೂ ಬಾಗಿಲಲ್ಲಿ ನಿಂತೇ ಮಾತಾಡುತ್ತಿದ್ದರು. ಅವಳ ಪದ್ಧತಿ ಒಂದೇ: ಏನು ಬಂದರೂ ಕೊತಕೊತ ಕುದಿಸುವುದು. ಪಾಪ, ಅದಕ್ಕೂ ಕಾರಣವಿತ್ತು. ಗುತ್ತಿಗೆದಾರ ತರುತ್ತಿದ್ದ ಬಾಡಿದ ತರಕಾರಿ ಕೀಟನಾಶಕದ ವಾಸನೆ ಹೊಡೆಯುತ್ತಿತ್ತು. ರೋಗಿಗಳು ಅರ್ಧ ತಿಂದು ಅರ್ಧ ಬಿಡುತ್ತಿದ್ದರು. ಹಿತ್ತಿಲ ಬಾಗಿಲಿಗೆ ಬಕೆಟ್ ಹಿಡಿದು ಬರುವ ಹಂದಿ ಸಾಕುವವನಿಗೆ ಮಾತ್ರ ಸುಗ್ಗಿ.

ಒಂದು ವರ್ಷ ಸರ್ಕಾರದ ಆದೇಶ ಬಂತು: ಆಸ್ಪತ್ರೆಗಳು ಸುತ್ತಮುತ್ತಲ ರೈತರು ವಿಷ ಸಿಂಪಡಿಸದೆ ಬೆಳೆದ ತರಕಾರಿಯನ್ನೇ ಕೊಳ್ಳಬೇಕು. ಅದನ್ನು ನಂಬಿ ನಮ್ಮಪ್ಪ ಸ್ಪ್ರೇ ಪಂಪನ್ನು ಅಟ್ಟಕ್ಕೆ ಹಾಕಿದರು. ಕೃಷಿ ಇಲಾಖೆಯವರು ಬಂದು ಗೊಬ್ಬರದ ಗುಂಡಿ ತೋಡಿಸಿದರು, ಹುಳಕ್ಕೆ ಬೆಳ್ಳುಳ್ಳಿ ಕಷಾಯ ಮಾಡುವುದನ್ನು ಕಲಿಸಿದರು. ಹುರುಳಿಕಾಯಿ ಸೊಂಪಾಗಿ ಬಂತು. ಆಸ್ಪತ್ರೆ ಕೊಳ್ಳುವುದನ್ನು ನಿಲ್ಲಿಸಿದರೆ ಮಾತ್ರ ಪಂಪು ಮತ್ತೆ ಅಟ್ಟದಿಂದ ಇಳಿಯಬೇಕಿತ್ತು.

ಮೊದಲ ದಿನವೇ ಎಡವಟ್ಟು. ಬೆಳಗ್ಗೆ ಕಿತ್ತ ಎಳೆಕಾಯಿಯನ್ನೂ ದೊಡ್ಡಮ್ಮ ಎಂದಿನಂತೆ ಕುದಿಸಿಯೇ ಕುದಿಸಿದಳು. ಪಾತ್ರೆಯಲ್ಲಿ ಉಳಿದದ್ದು ಹಸಿರು ಗಂಜಿ. ತಟ್ಟೆಗಳು ಹೋದ ಹಾಗೆಯೇ ವಾಪಸ್ಸು ಬಂದವು. ಹಂದಿಯವನು ಬಕೆಟ್ ತುಂಬಿಕೊಂಡು, "ಅಕ್ಕಾ, ನಿಮ್ ಹೊಟ್ಟೆ ತಣ್ಣಗಿರ್ಲಿ" ಅಂದ.

ದೊಡ್ಡ ಡಾಕ್ಟರು ಮುಖ ಗಂಟಿಕ್ಕಿಕೊಂಡು ಬಂದರು. "ನೋಡಮ್ಮ, ಜನ ತಿನ್ನಲ್ಲ ಅಂದ್ರೆ ಆದೇಶ ಇಟ್ಕೊಂಡು ನಾನೇನ್ ಮಾಡ್ಲಿ? ನಾಳೆನೂ ಹೀಗೇ ಆದ್ರೆ ಹಳೇ ಗುತ್ತಿಗೆದಾರನೇ ಬೇಕು ಅಂತ ಮೇಲಕ್ಕೆ ಬರೀತೀನಿ."

ಮರುದಿನ ಅಮ್ಮ ಮನೆಗೆಲಸ ಬಿಟ್ಟು ಅಕ್ಕನ ಒಲೆಯ ಪಕ್ಕ ಹೋಗಿ ನಿಂತಳು. ಕಾಯಿ ಒಂದು ಕುದಿ ಬಂದಿತ್ತು ಅಷ್ಟೇ.

"ಅಕ್ಕಾ, ಉರಿ ಆರ್ಸು."

"ಇನ್ನೂ ಹಸಿ ಇದೆ ಕಣೇ. ನಂಗೇ ಅಡುಗೆ ಹೇಳ್ಕೊಡ್ತೀಯಾ?"

"ಒಂದು ಬಾಯಿಗೆ ಹಾಕ್ಕೊಂಡು ನೋಡು."

ದೊಡ್ಡಮ್ಮ ಸಿಡುಕುತ್ತಲೇ ಹಾಕಿಕೊಂಡಳು. ಅಗಿದಳು. ಇನ್ನೊಂದು ತೆಗೆದುಕೊಂಡಳು. ಆಮೇಲೆ ತಾನೇ ಉರಿ ಆರಿಸಿದಳು.

ಆ ಮಧ್ಯಾಹ್ನ ತಟ್ಟೆ ತೊಳೆಯುವವಳಿಗೆ ಕೆರೆಯಲು ಏನೂ ಸಿಗಲಿಲ್ಲ. ವಾರ್ಡಿನಿಂದ ಪಲ್ಯ ಇನ್ನೂ ಇದೆಯಾ ಎಂದು ಕೇಳಿಕೊಂಡು ಬಂದರು. ದೊಡ್ಡ ಡಾಕ್ಟರೂ ಒಂದು ತಟ್ಟೆ ಹಾಕಿಸಿಕೊಂಡು, ಎರಡನೇ ಸಲ ಬಡಿಸಿಕೊಂಡು, "ನಾಳೆ ಜಾಸ್ತಿ ತರಿಸಮ್ಮ" ಅಂದರು. ಅಪ್ಪನಿಗೆ ಹೇಳಲು ಅಮ್ಮ ಓಡುತ್ತಲೇ ಬಂದಳು. ನಮ್ಮ ಮನೆಯಲ್ಲಿ ಅಷ್ಟು ಖುಷಿ ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ.

ಇತ್ತ ಹಿತ್ತಿಲಲ್ಲಿ ಹಂದಿಯವನು ಬಕೆಟ್ ಬೋರಲು ಹಾಕಿ ತಟ್ಟುತ್ತಿದ್ದನಂತೆ. "ಏನಕ್ಕಾ, ನನ್ ಹಂದಿಗಳ ಹೊಟ್ಟೆ ಮೇಲೆ ಹೊಡೆದ್ರಲ್ಲ."

ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟು ಅಂದಳಂತೆ: "ನಾಳೆಯಿಂದ ಬೇರೆ ಆಸ್ಪತ್ರೆ ನೋಡ್ಕೋ."